ಗುರುವಾರದ ಕ್ರಿಸ್ಮಸ್ ಮತ್ತು ನನ್ನ ಸುತ್ತೋಲೆ

ಈ ವೃತ್ತಾಂತದಲ್ಲಿ ಲೋಪದೋಷಗಳು ಕಂಡುಬಂದರೆ ಓದುಗರು ದಯಮಾಡಿ ಮನ್ನಿಸಬೇಕೆಂದು ಆರಂಭದಲ್ಲಿಯೇ ವಿನಂತಿಸಿಕೊಳ್ಳುತ್ತೇನೆ. ಏಕೆಂದರೆ ನಾನು ಏನನ್ನೇ ಬರೆಯಲು ಕುಳಿತರೂ ಮೂರನೆಯ ಕಂಡಿಕೆಯ ಹೊತ್ತಿಗೆ ಅದು ಸುತ್ತೋಲೆಯ ರೂಪ ತಾಳುತ್ತದೆಂಬುದು ಬಲ್ಲವರ ಅಭಿಪ್ರಾಯ. ನಮ್ಮ ವಂಶದಲ್ಲಿ ಪದವಿಯ ನಿಲುವಂಗಿ ತೊಟ್ಟವನು ನಾನೇ ಮೊದಲಿಗ. ಅಪ್ಪ ಬಡಗಿಯಾಗಿದ್ದರು, ಅಳತೆ ತುಸು ತಪ್ಪಿದರೆ ಸರಿಪಡಿಸಲು ಅವರ ಕೈಯಲ್ಲಿ ಉಜ್ಜುಗೊರಡಿತ್ತು. ನನ್ನಲ್ಲಿ ಅಂಥ ಸಾಧನ ಯಾವುದೂ ಇಲ್ಲವಾದ್ದರಿಂದ, ಪಕ್ಕದ ಮೇಜಿನವರನ್ನು ಚಹಾಕ್ಕೆ ಕರೆಯಬೇಕಾದರೂ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಹಿಂದಿಗೆ ಅನುವಾದಿಸಿ, ಚಹಾ ಸ್ತ್ರೀಲಿಂಗವೋ ಪುಲ್ಲಿಂಗವೋ ಎಂದು ಪರಿಶೀಲಿಸಿ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವರು ಕುಡಿದು ಮರಳಿ ಬಂದಿರುತ್ತಾರೆ.

ಇಂಥವನ ಹೆಗಲಿಗೆ ನಾಗಪುರದ ಸದರ್ ಭಾಗದ ನಮ್ಮ ಸರ್ಕಾರಿ ಕಚೇರಿಯ ಕ್ರಿಸ್ಮಸ್ ಕೂಟದ ಹೊಣೆ ಬಿತ್ತು. ಕೂಟ ಆ್ಯಗ್ನೆಸ್ ಮೇಡಂ ಅವರಿಗಾಗಿ. ಟಪಾಲು ವಿಭಾಗದ ಈ ಹಿರಿಯರು ಮೂವತ್ತು ವರ್ಷ, ಪ್ರತಿ ಡಿಸೆಂಬರಿನಲ್ಲಿಯೂ ಮನೆಯಿಂದ ಕೇಕು ತಂದು ಮೇಜು ಮೇಜಿಗೂ ತಾವೇ ಹಂಚಿದವರು. ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಈ ಸಲವಾದರೂ ನಾವೇ ಏರ್ಪಡಿಸೋಣವೆಂದು ಸಾಹೇಬರು ಅಪ್ಪಣೆ ಕೊಟ್ಟರು. ಏನು ಬೇಕೆಂದು ನಾನು ವಿಧಿವತ್ತಾಗಿ ವಿಚಾರಿಸಿದಾಗ ಮೇಡಂ ನಕ್ಕರು. "ಗಿಫ್ಟ್-ವಿಫ್ಟ್ ಏನೂ ಬೇಡ, ಬಡಿಗೇರ್‌ಜೀ. ಒಂದು ಸಲ ಎಲ್ಲರೂ ನನ್ನ ಜೊತೆ ಕೂತು ತಿನ್ನಲಿ, ಬಸ್, ಅಷ್ಟೇ. ಮೂವತ್ತು ವರ್ಷ ಹಂಚುತ್ತಾ ನಿಂತೇ ಇದ್ದೆ."

ಇಷ್ಟು ಸರಳವಾದ ಕೋರಿಕೆಯನ್ನು ನಾನು ಒಂದು ಕಡತವನ್ನಾಗಿ ಪರಿವರ್ತಿಸಿದೆ. ಬಲೂನುಗಳ ಬಣ್ಣದ ಬಗ್ಗೆ ಟಿಪ್ಪಣಿ ಬರೆದೆ. ನಕ್ಷತ್ರದೀಪವನ್ನು ತೂಗುಹಾಕುವ ಮೊಳೆಯ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿದೆ. ಎಲ್ಲಕ್ಕಿಂತ ಹೆಚ್ಚು ಬೆವರಿದ್ದು ದಿನದ ಆಯ್ಕೆಯಲ್ಲಿ. ಸೋಮವಾರ ನಮ್ಮ ಅವ್ವನ ಉಪವಾಸ; ಅವ್ವ ಉಪವಾಸವಿದ್ದ ದಿನ ಲೋಕವೆಲ್ಲ ಉಪವಾಸವಿರುತ್ತದೆಂದು ಬಾಲ್ಯದಿಂದ ನಂಬಿದ್ದೇನೆ. ಮಂಗಳವಾರ, ಬುಧವಾರ ಲೆಕ್ಕತಪಾಸಣೆಯವರ ಆಗಮನ. ಶುಕ್ರವಾರದಿಂದ ಸಾಹೇಬರಿಗೂ ಮೇಡಂ ಅವರಿಗೂ ರಜೆ. ಉಳಿದದ್ದು ನಿಷ್ಕಳಂಕವಾದ ಗುರುವಾರ. 'ಎಲ್ಲ ಅಂಶಗಳನ್ನೂ ಪರಿಶೀಲಿಸಲಾಗಿದೆ' ಎಂಬ ಒಕ್ಕಣೆಯೊಂದಿಗೆ, ಮೂರು ಭಾಷೆಗಳಲ್ಲಿ ಸುತ್ತೋಲೆ ಹೊರಡಿಸಿ ಫಲಕಕ್ಕೆ ಅಂಟಿಸಿದೆ. ತುಸು ದೂರ ನಿಂತು ಅದರ ಅಂಚುಗಳ ಸಮತೆಯನ್ನು ನೋಡಿ ಆನಂದಿಸಿದೆ ಎಂಬುದನ್ನೂ ಮುಚ್ಚಿಡಲಾರೆ.

ಮೊದಲು ಓದಿದವರು ವೈಶಾಲಿತಾಈ. ನಮ್ಮ ಕ್ವಾರ್ಟರ್ಸಿನಲ್ಲಿ ಕೆಳಮನೆಯವರು. ಕಚೇರಿಯಲ್ಲಿ ಎಲ್ಲರಿಗೂ ತಾಈ, ಅಂದರೆ ಅಕ್ಕ; ಅವರಿಗೆ ನಾನು ಭಾವು, ಅಂದರೆ ಅಣ್ಣ. "ಅಹೋ ಬಡಿಗೇರ್ ಭಾವು, ಮಾರ್ಗಶೀರ್ಷದ ಗುರುವಾರ ಇಟ್ಟಿದ್ದೀರಾ? ನಾವು ಒಂಬತ್ತು ಜನ ಬಂದು ಕೇಕಿಗೆ ಆರತಿ ಮಾಡಬೇಕಾ?"

ಈ ಸೀಮೆಯಲ್ಲಿ ಮಾರ್ಗಶೀರ್ಷದ ಗುರುವಾರಗಳಂದು ಹೆಂಗಸರು ಮಹಾಲಕ್ಷ್ಮಿಯ ಕಲಶವಿಟ್ಟು, ಸಂಜೆಯ ಪೂಜೆಯವರೆಗೆ ಉಪವಾಸವಿರುತ್ತಾರೆ. ಇಪ್ಪತ್ತು ಜನರ ಕಚೇರಿಯಲ್ಲಿ ಒಂಬತ್ತು ಜನ ಈ ವ್ರತದವರು. ಇಡೀ ನಗರಕ್ಕೆ ಗೊತ್ತಿದ್ದ ಸಂಗತಿ ನನ್ನ ಕಡತದಲ್ಲಿ ಮಾತ್ರ ಇರಲಿಲ್ಲ. ಸುದ್ದಿ ತಿಳಿದ ಆ್ಯಗ್ನೆಸ್ ಮೇಡಂ ಸಿಟ್ಟಾಗಿದ್ದರೆ ಎಷ್ಟೋ ಹಿತವಾಗುತ್ತಿತ್ತು. "ಇರಲಿ ಬಿಡಿ," ಎಂದರು. "ಅವರಿಗೆ ಮನೆಗೆ ಕಟ್ಟಿಕೊಡ್ತೀನಿ. ಹಂಚಿ ಅಭ್ಯಾಸ ಇದೆ."

ಮನೆಗೆ ಬಂದು ಅವ್ವನ ಮುಂದೆ ತಪ್ಪೊಪ್ಪಿಕೊಂಡೆ.

"ಒಬ್ಬಾಕಿನ್ನರ ಕೇಳಿದ್ಯೇನು?" ಎಂದಳು. "ಕರಿಯೂ ಮಂದಿ ಏನ್ ತಿಂತಾರ ಅಂತ ಕೇಳೂದು ಬಿಟ್ಟು, ಹಾಳಿ ಅಂಟಿಸಿ ಬಂದಾನ, ಶಾಣ್ಯಾ! ಶೇಂಗಾ ಉಂಡಿ ನಡೀತಾವೇನು ಅವರ ಉಪಾಸಕ್ಕ?"

ಕೆಳಮನೆಗೆ ಸಂದೇಶ ಕಳಿಸುತ್ತೇನೆಂದು ಮರಾಠಿಯಲ್ಲಿ ಕರಡು ಸಿದ್ಧಪಡಿಸತೊಡಗಿದೆ. ಎರಡನೆಯ ಕರಡು ಮುಗಿಯುವಷ್ಟರಲ್ಲಿ ಅವ್ವ ತಾಟಿನಲ್ಲಿ ಒಂದು ಹಿಡಿ ಶೇಂಗಾ, ಬೆಲ್ಲದ ಚೂರು, ನಾಲ್ಕು ಯಾಲಕ್ಕಿ ಇಟ್ಟುಕೊಂಡು ಮೆಟ್ಟಿಲಿಳಿದಿದ್ದಳು. ಇಲ್ಲಿ ಒಂದು ಸತ್ಯವನ್ನು ನಿವೇದಿಸಲೇಬೇಕು. ಅವ್ವ ನಾಗಪುರಕ್ಕೆ ಬಂದು ಒಂದೂವರೆ ವರ್ಷವಾಗಿದ್ದರೂ ಒಬ್ಬಳೇ ಆ ಮೆಟ್ಟಿಲಿಳಿದಿರಲಿಲ್ಲ. 'ನಿನಗೆ ಮರಾಠಿ ಬರುವುದಿಲ್ಲ, ಜನ ಏನಾದರೂ ಅಂದುಕೊಂಡಾರು' ಎಂದು ತಡೆದಿದ್ದವನು ನಾನು. ಅವಳನ್ನು ಕುರಿತು ಜನ ಏನಂದುಕೊಂಡಾರೆಂಬುದು ನನ್ನ ಚಿಂತೆಯಾಗಿರಲಿಲ್ಲ. ನನ್ನನ್ನು ಕುರಿತು ಏನಂದುಕೊಂಡಾರೆಂಬುದಾಗಿತ್ತು.

ನಾನು ಹಿಂದೆಯೇ ಧಾವಿಸಿ, ಅರ್ಧ ಮೆಟ್ಟಿಲಲ್ಲಿ ನಿಂತು ಆಲಿಸಿದೆ.

"ಉಪಾಸ... ಇದು ನಡೀತೈತಿ?"

"ಚಾಲ್ತೇ ಆಯಿ, ಚಾಲ್ತೇ!"

"ಯಾಲಕ್ಕಿ?"

"ವೇಲಚಿ ಪಣ್ ಚಾಲ್ತೇ!"

ಒಂದೂವರೆ ವರ್ಷ ನಾನು ಅಸಾಧ್ಯವೆಂದು ತೀರ್ಮಾನಿಸಿದ್ದ ಸಂಭಾಷಣೆ ಅರ್ಧ ನಿಮಿಷದಲ್ಲಿ ಮುಗಿಯಿತು. ಬಳಿಕ ವೈಶಾಲಿತಾಈ ತಲೆಯೆತ್ತಿ ನೋಡಿದರು. "ಭಾವು, ಅಲ್ಲೇ ನಿಂತು ನಡಾವಳಿ ಬರೀತಿದ್ದೀರಾ? ಬನ್ನಿ, ಶೇಂಗಾ ಸಿಪ್ಪೆ ತೆಗೀರಿ."

ಗುರುವಾರ ಮಧ್ಯಾಹ್ನ ವೈಶಾಲಿತಾಈ ದೊಡ್ಡ ಡಬ್ಬಿಯಲ್ಲಿ, ಉಪವಾಸಕ್ಕೆ ನಡೆಯುವ ಸಾಬೂದಾಣಿ ಖಿಚಡಿ ತಂದರು. ನನ್ನನ್ನು ಒಂದು ಮಾತೂ ಕೇಳದೆ, ಆಟೋದಲ್ಲಿ ಅವ್ವನನ್ನೂ ಕರೆತಂದರು. ಅವ್ವನ ತೊಡೆಯ ಮೇಲೆ ಉಂಡಿಯ ಬುಟ್ಟಿ. ಮೇಡಂ ಕೇಕು ಕತ್ತರಿಸಿದರು. ಹನ್ನೊಂದು ಜನರ ತಟ್ಟೆಗೆ ಕೇಕು, ಒಂಬತ್ತು ಜನರ ತಟ್ಟೆಗೆ ಉಂಡಿ ಮತ್ತು ಖಿಚಡಿ. ಮೇಡಂ ಅವರ ತಟ್ಟೆಯಲ್ಲಿ ಮೂರೂ. ಎಲ್ಲರೂ ಕುಳಿತರು, ಅವ್ವನೊಬ್ಬಳ ಹೊರತು; ಅವಳು ಬುಟ್ಟಿ ಹಿಡಿದು ಹಂಚುತ್ತಲೇ ಇದ್ದಳು. ಮೇಡಂ ಅದನ್ನು ಕಂಡು ಪಕ್ಕದ ಕುರ್ಚಿಯನ್ನು ಎಳೆದರು.

"ಬೈಠಿಯೇ ಮಾಜೀ. ಹಂಚುವವರು ನಿಂತೇ ಇರಬೇಕು ಅನ್ನೋ ಕಾಯ್ದೆ ಇವತ್ತು ರದ್ದು."

ಅವ್ವ ಇಡೀ ಕಚೇರಿಗೆ ಕೇಳಿಸುವಂತೆ, "ಏನಂತಾರೋ ಇವರು?" ಎಂದು ನನ್ನತ್ತ ನೋಡಿದಳು.

ಸಾಹೇಬರೂ ನನ್ನನ್ನೇ ನೋಡುತ್ತಿದ್ದರು. ಕಚೇರಿಯೊಳಗೆ ನಾನು ಎಂದೂ ಆಡದಿದ್ದ ನಮ್ಮೂರ ಮಾತು, ಕರಡಿಲ್ಲದೆ, ಗಟ್ಟಿಯಾಗಿ ಹೊರಬಂತು: "ಕುಂದರು ಅಂತಾರಬೇ ಅವ್ವಾ. ಬುಟ್ಟಿ ನನಗ ಕೊಡು."

ಅವ್ವ ಕುಳಿತಳು. ನಾನು ಹಂಚಿದೆ.

ಇದರಿಂದ ನಮ್ಮ ಕುಟುಂಬದಲ್ಲಾದ ಬದಲಾವಣೆ ಇಷ್ಟು. ಅವ್ವ ಈಗ ನನ್ನನ್ನು ಕೇಳದೆಯೇ ಹೊರಗೆ ಹೋಗುತ್ತಾಳೆ. ಸಂಜೆಗಳಲ್ಲಿ ನಮ್ಮ ಮನೆಗೆ ಬೀಗ ಬಿದ್ದಿರುತ್ತದೆ. ವಾರಕ್ಕೊಮ್ಮೆ ಆ್ಯಗ್ನೆಸ್ ಮೇಡಂ ಕೂಡ ಕೆಳಮನೆಗೆ ಬರುತ್ತಾರೆ. ಕಚೇರಿಯಿಂದ ಬಂದ ನಾನು ಕೀಲಿಕೈಗಾಗಿ ಅಲ್ಲಿಯ ಬಾಗಿಲು ತಟ್ಟಿದರೆ, ಮಾತು ಮುಗಿಯುವವರೆಗೆ ಅವ್ವ ಏಳುವುದಿಲ್ಲ; ಒಳಗಿನಿಂದಲೇ, ಶುದ್ಧ ಮರಾಠಿಯಲ್ಲಿ, "ಥಾಂಬ್" ಎಂದು ನನ್ನನ್ನು ಹೊರಗೆ ನಿಲ್ಲಿಸುತ್ತಾಳೆ.