ನೀಲಿ ಸೊಂಟದ ಹಿಪ್ಪುನೇರಳೆ

ಒದ್ದೆ ಜೀನ್ಸ್ ಬಟ್ಟೆಯ ಉಪಾಯ ಮೊದಲು ಹೊಳೆದದ್ದು ನನಗೋ ಅತ್ತೆಗೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ನನ್ನದು, ಅತ್ತೆಯ ನೆನಪಿನಲ್ಲಿ ಅವಳದು. ಆ ದಿನ ಮೋಡ ಕವಿದಿತ್ತು ಎಂದು ನನ್ನ ಡೈರಿ ಹೇಳುತ್ತದೆ. ನನ್ನ ಕಣ್ಣ ಮುಂದೆ ಬರುವುದು ಮಾತ್ರ ರಾಯದುರ್ಗದ ಸುಡುಬಿಸಿಲು.

ನಮ್ಮ ಕಡೆಯ ಹೆಣ್ಣುಮಕ್ಕಳು ಬಸ್ಸು ತುಂಬಿಕೊಂಡು ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಿದ್ದ ಕಾಲ. ನಾನೂ ಹೋದೆ. ಎಂ.ಎ. ಮುಗಿಸಿದ ಮೇಲೆ ಸೇರಿಕೊಂಡದ್ದು ಮಾತ್ರ ಗಿಟಾರ್ ಮಾಡುವ ಒಂದು ಸಣ್ಣ ಅಂಗಡಿಗೆ. ಅಲ್ಲಿನ ಮೇಷ್ಟ್ರು ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಬೀಟೆ ಬಿಟ್ಟು ಬೇರೆ ಮರ ಮುಟ್ಟುತ್ತಿರಲಿಲ್ಲ. ಹಿಪ್ಪುನೇರಳೆಯಲ್ಲಿ ಮಾಡಿದರೆ ಹೇಗೆ ಎಂದು ನಾನು ಕೇಳಿದ್ದಕ್ಕೆ ಜೋರಾಗಿ ನಕ್ಕರು. "ಅದು ಹುಳಕ್ಕೆ ಹಾಕೋ ಸೊಪ್ಪಮ್ಮ!"

ನಗುವುದರಲ್ಲಿ ಅರ್ಥವಿತ್ತು. ನಮ್ಮ ಮಡಕಶಿರಾ ಸೀಮೆಯಲ್ಲಿ ರೇಷ್ಮೆ ಹುಳಕ್ಕಾಗಿ ಬೆಳೆಯುವ ಹಿಪ್ಪುನೇರಳೆಯನ್ನು ಮೊಣಕಾಲೆತ್ತರಕ್ಕೆ ಮತ್ತೆ ಮತ್ತೆ ಸವರುತ್ತಾರೆ. ಅದು ಕಡ್ಡಿಯಾಗಿಯೇ ಉಳಿಯುತ್ತದೆ, ಮರವಾಗುವುದೇ ಇಲ್ಲ. ಆದರೆ ನನ್ನ ಸೋದರಮಾವನ ತೋಟದ ಬಾವಿಯ ಪಕ್ಕ ಒಂದೇ ಒಂದು ಗಿಡ ಮಚ್ಚು ಕಾಣದೆ ಬೆಳೆದು, ತಬ್ಬಿದರೆ ಕೈಗೆ ಸಿಗದಷ್ಟು ದಪ್ಪವಾಗಿತ್ತು. ಚಿಕ್ಕಂದಿನಲ್ಲಿ ಅದರ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡವಳು ನಾನು.

ಸೊಪ್ಪಿನ ತೋಟ ತೆಗೆದು ಕಡಲೆಕಾಯಿ ಹಾಕಲು ಮುಂದಾದಾಗ ಮಾವ ಫೋನು ಮಾಡಿದ. "ಆ ಮರಾನ ಸೌದೆಗೆ ಕೇಳ್ತಾವ್ರೆ ಕಣಮ್ಮ. ನಿಂಗೆ ಬೇಕೂಂದ್ರೆ ಈಗ್ಲೇ ಬಾ. ಆಮೇಲೆ ಬಂದು ಬೂದಿ ತಗಂಡು ಹೋಗ್ಬೇಡ."

ಅಂಗಡಿಯ ಕೆಲಸ ಬಿಟ್ಟು ಹೊರಟೆ. ಮರ ಕಡಿಸಿ ಸೀಳಿದಾಗ ಒಳಗೆಲ್ಲ ಅರಿಶಿನದ ಬಣ್ಣ. ಬುಡದ ಕಡೆ ಗಂಟುಗಳು, ನಡುವೆ ಟೊಳ್ಳು. ಎಳೆ ನೆಟ್ಟಗಿದ್ದ ಭಾಗವನ್ನಷ್ಟೇ ಆರಿಸಿ, ಒಂದೊಂದು ಹಲಗೆಯನ್ನೂ ಎರಡು ಬೆರಳಲ್ಲಿ ನೇತುಹಿಡಿದು ಗೆಣ್ಣಿನಿಂದ ತಟ್ಟಿದೆ. ಮಂಕಾಗಿ ಸದ್ದು ಮಾಡಿದ್ದನ್ನು ಬಿಟ್ಟೆ, ಗಂಟೆಯಂತೆ ಎಳೆದು ನುಡಿದದ್ದನ್ನು ಇಟ್ಟುಕೊಂಡೆ. ಬೆನ್ನಿಗೆ ಸಾಕಾಯಿತು. ಪಕ್ಕಗಳಿಗೆ ಬೇಕಾದದ್ದು ಎರಡು ಪಟ್ಟಿ, ಸಿಕ್ಕಿದ್ದು ಮೂರು.

ರಾಯದುರ್ಗದ ಅತ್ತೆ, ಎಂದರೆ ಅಪ್ಪನ ತಂಗಿ, ಆ ಊರಿನ ಬಹುಪಾಲು ಜನರಂತೆ ಜೀನ್ಸ್ ಪ್ಯಾಂಟು ಹೊಲಿಸುವವಳು. ಅವಳ ಬಟ್ಟೆ ಗೋದಾಮಿನ ಅಟ್ಟದಲ್ಲಿ, ಬಿರುಕು ಬಿಡದಂತೆ ತುದಿಗಳಿಗೆ ಮೇಣ ಬಳಿದು, ಹಲಗೆಗಳನ್ನು ಒಣಗಲು ಬಿಟ್ಟೆ. ಒಂದು ಮಳೆಗಾಲ ಕಳೆದು ಮುಂದಿನ ಬೇಸಿಗೆ ಬಂದಾಗ ಪಟ್ಟಿಗಳನ್ನು ತೆಳುವಾಗಿ ಹೆರೆದು, ಅತ್ತೆಯ ಹೊಲಿಗೆ ಕೋಣೆಯಲ್ಲಿ ಬಾಗಿಸಲು ಕೂತೆ. ಕಾಯಿಸಿದ ಕಬ್ಬಿಣದ ಕೊಳವೆಯ ಮೇಲೆ ಒತ್ತಿದ ಮೊದಲ ಪಟ್ಟಿ ಗಿಟಾರಿನ ಸೊಂಟ ಒಳಕ್ಕೆ ಬಾಗುವ ಕಡೆ ಟಪ್ಪೆಂದು ಸೀಳಿತು. ಇನ್ನು ಎರಡೇ. ಅದರಲ್ಲೊಂದು ಹೋದರೆ ಇಡೀ ಮರವೇ ಸೌದೆ.

ಅಲ್ಲೇ ಪಕ್ಕದಲ್ಲಿ ಪ್ಯಾಂಟುಗಳಿಗೆ ಹಾಕುವ ಭಾರದ ಇಸ್ತ್ರಿಪೆಟ್ಟಿಗೆ ಹೊಗೆಯಾಡುತ್ತಿತ್ತು. ನಾನೋ ಅತ್ತೆಯೋ, ಯಾರೋ ಒಬ್ಬರು ದಪ್ಪ ಜೀನ್ಸ್ ತುಂಡನ್ನು ನೀರಿಗೆ ಅದ್ದಿ ಪಟ್ಟಿಗೆ ಸುತ್ತಿದ್ದಾಯಿತು. ಅವಳು ಇಸ್ತ್ರಿ ಒತ್ತಿದಳು, ನಾನು ಗಿಟಾರಿನ ಆಕಾರದ ಅಚ್ಚಿನ ಮೇಲೆ ಬಾಗಿಸಿದೆ. ಬಟ್ಟೆ ಹಿಡಿದಿಟ್ಟ ನೀರು ಆವಿಯಾಗಿ ಮರಕ್ಕೆ ಇಳಿಯಿತು.

"ಒತ್ತಬ್ಯಾಡವ್ವ, ತಾನಾ ಬಗ್ಗತೈತಿ ತಡಿ" ಎಂದಳು ಅತ್ತೆ.

ಬಗ್ಗಿತು. ಎರಡನೆಯದೂ ಬಗ್ಗಿತು. ಇಬ್ಬರೂ ಕೂಗಿದ ಕೂಗಿಗೆ ಮಷಿನ್ನುಗಳೆಲ್ಲ ನಿಂತವು.

ಬಟ್ಟೆ ಬಿಚ್ಚಿದರೆ ಎರಡು ಪಟ್ಟಿಗಳ ಸೊಂಟಕ್ಕೂ ನೀಲಿ ಹತ್ತಿತ್ತು. ಒಗೆಯದ ಹೊಸ ಬಟ್ಟೆ ಬಣ್ಣ ಬಿಡುತ್ತದೆಂದು ಆ ಊರಿನಲ್ಲಿ ಗೊತ್ತಿಲ್ಲದವರಿಲ್ಲ, ನಮ್ಮಿಬ್ಬರಿಗೂ ನೆನಪಾಗಿರಲಿಲ್ಲ. ಉಜ್ಜಿದಷ್ಟೂ ಅದರ ಅಂಚು ಹಳದಿಗೆ ಬೆರೆತು ಹಸಿರಾಗುತ್ತ ಹೋಯಿತು.

"ಯಾಕ ಅಳು ಮೋರಿ ಮಾಡೀದಿ?" ಎಂದಳು ಅತ್ತೆ. "ನಮ್ಮೂರಾಗ ಹುಟ್ಟಿದ ಮ್ಯಾಲ ಅದಕ್ಕೂ ಒಂದು ಪ್ಯಾಂಟ್ ಬ್ಯಾಡೇನು?"

ಉಜ್ಜುವುದನ್ನು ನಿಲ್ಲಿಸಿದೆ. ಮುಂಭಾಗಕ್ಕೆ ಬೆಂಗಳೂರಿನಿಂದ ತಂದ ಹಗುರವಾದ ಸ್ಪ್ರೂಸ್ ಮರದ ಹಲಗೆ ಕೂರಿಸಿ, ತಂತಿ ಬಿಗಿದು, ಮೇಷ್ಟ್ರ ಅಂಗಡಿಗೆ ಒಯ್ದೆ. ಅವರು ನುಡಿಸಿದರು, ನಿಲ್ಲಿಸಿದರು, ಮತ್ತೆ ನುಡಿಸಿದರು. ಬೆನ್ನು ತಿರುಗಿಸಿ ಮೂಸಿಯೂ ನೋಡಿದರು.

"ಇದ್ಯಾವ ಮರ?"

"ಹುಳಕ್ಕೆ ಹಾಕೋ ಸೊಪ್ಪು, ಸಾರ್."

ಈ ಸಲ ನಕ್ಕವಳು ನಾನು. ಅವರೂ ನಕ್ಕರು ಎಂದು ನೆನಪು. ಅಂಥದೇ ಇನ್ನೊಂದು ಮರ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಂತೂ ನಿಜ.

ಮರುದಿನ ಮೊದಲ ಬಸ್ಸು ಹಿಡಿದು ಮಡಕಶಿರಾಕ್ಕೆ ಹೋದೆ. ಮಾವ ಗಿಟಾರನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ನೀಲಿಯ ಮೇಲೆ ಬೆರಳಾಡಿಸಿ, ಬೆನ್ನಿಗೆ ಕಿವಿಯಿಟ್ಟ. ನಾನು ತಂತಿ ಮೀಟಿದೆ.

"ಇನ್ನೊಂದ್ ಸಲ ಬಾರ್ಸಮ್ಮ" ಎಂದ.

ಬಾರಿಸಿದೆ. ಆ ಸದ್ದು ಪೂರ್ತಿ ಆರುವವರೆಗೂ ಅವನು ಕಿವಿ ತೆಗೆಯಲಿಲ್ಲ. ಪ್ರತಿ ಸಲವೂ ಅವನು ಮಳೆಯ ಮಾತು ತೆಗೆದು ಜಾರಿಕೊಂಡರೂ, ಆಗ ಅವನಿಗೆ ಹಾಕಿದ ಪ್ರಶ್ನೆಯನ್ನೇ ಈಗಲೂ ಫೋನಿನಲ್ಲಿ ಹಾಕುತ್ತೇನೆ:

"ಮಾವ, ತೋಟಾನೆಲ್ಲ ಸವರಿ ಸವರಿ ಹಾಕ್ತಿದ್ದೋನು, ಇದೊಂದನ್ನ ಮಾತ್ರ ಯಾಕೆ ಬೆಳೆಯೋಕೆ ಬಿಟ್ಟೆ?"