ಮೋಟಾರಿಗೆ ಲಘು-ಗುರು

ಹುಲಿಗೆಮ್ಮ, ನಾನು ಹತ್ತನೇ ತರಗತಿಯಲ್ಲಿ ನಿಮಗೆಲ್ಲ ಹೇಳಿದ ಆ ಸಪ್ಪಳ ಕೇಳುವ ಕೆಲಸ ಇದೆಯೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಸೀಮೆಸುಣ್ಣ ಹಿಡಿದು ನಿಂತಲ್ಲೇ ಹುಟ್ಟಿಸಿದ ಸುಳ್ಳು ಅದು. ಅದೊಂದೇ ಆಗಿದ್ದರೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೊರಗುತ್ತಿರಲಿಲ್ಲ — ಅದನ್ನು ಮುಚ್ಚಲು ಇನ್ನೊಂದು ಹೇಳಿದೆನಲ್ಲ, ಅದು...

ಅದಿರಿನ ಲಾರಿಗಳ ಕಾಲ ನಿನಗೆ ನೆನಪಿರಬೇಕು. ಸಂಡೂರು ಕಡೆಯ ನಮ್ಮ ಹೈಸ್ಕೂಲಿಗೆ ಬಿಳಿ ಅಂಗಿಯಲ್ಲಿ ಬಂದವನು ಸಂಜೆ ಧೂಳಿನಿಂದ ಕೆಂಪಗಾಗಿ ಮನೆಗೆ ಹೋಗುತ್ತಿದ್ದ. ಹುಡುಗರು ಒಬ್ಬೊಬ್ಬರಾಗಿ ಶಾಲೆ ಬಿಟ್ಟು ಲಾರಿ ಹತ್ತುತ್ತಿದ್ದರು. ಗಾಬರಿಯಾದ ಹೆಡ್‌ಮಾಸ್ಟರು, ನಿಮ್ಮ ನಿಮ್ಮ ವಿಷಯ ಓದಿದರೆ ಏನೇನು ಕೆಲಸ ಸಿಗುತ್ತದೆಂದು ಮಕ್ಕಳಿಗೆ ಹೇಳಿ ಎಂದು ನಮಗೆಲ್ಲ ಅಪ್ಪಣೆ ಮಾಡಿದರು. ವಿಜ್ಞಾನದ ಮೇಷ್ಟ್ರು ಹಲಗೆ ತುಂಬ ಬರೆದರು. ನಾನು ಕನ್ನಡದವನು, ಭಾಮಿನಿ ಷಟ್ಪದಿಗೆ ಲಘು-ಗುರು ಹಾಕಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, “ಇದನ್ನ ಕಲ್ತ್ರ ಏನಾಗ್ತೀವ್ರಿ ಸರ್?”

ನನ್ನಂತಾಗುತ್ತೀಯ ಎಂದಿದ್ದರೆ ಉಳಿದವರೂ ಓಡಿಹೋಗುತ್ತಿದ್ದರು. ಅಷ್ಟರಲ್ಲಿ ಹೊರಗೊಂದು ಲಾರಿ ಕೆಮ್ಮಿ ಕೆಮ್ಮಿ ನಿಂತಿತು. “ತೋರಣಗಲ್ಲಿನ ಕಡೆ ಕಾರ್ಖಾನ್ಯಾಗ ಮಷೀನಿನ ಸಪ್ಪಳ ಕೇಳಾಕ ಅಂತನ ಜನ ಇರ್ತಾರ,” ಎಂದೆ. “ಲಘು ಯಾವ್ದು, ಗುರು ಯಾವ್ದು ಅಂತ ಗೊತ್ತಿದ್ದವರನ್ನ ಹುಡುಕಿ ತಗೋತಾರ. ಲೆಕ್ಕ ತಪ್ಪಿತು ಅಂದ್ರ ಮಷೀನು ಕೆಟ್ಟಿತು ಅಂತ ತಿಳ್ಕೋರಿ.” ಎಂಥ ಗಾಂಭೀರ್ಯ ನನ್ನದು! ನನಗೇ ಅರ್ಧ ನಂಬಿಕೆ ಬಂದಿತ್ತು.

ಪೂರ್ತಿ ನಂಬಿದವಳು ನೀನೊಬ್ಬಳೇ. ಮರುದಿನದಿಂದ ನಿನ್ನ ನೋಟ್‌ಬುಕ್ಕಿನಲ್ಲಿ ಪದ್ಯದ ಪಕ್ಕಕ್ಕೆ ಲಾರಿ, ಬೋರ್‌ವೆಲ್ಲು, ಹಿಟ್ಟಿನ ಗಿರಣಿ — ಎಲ್ಲಕ್ಕೂ ಲಘು-ಗುರು. ಹೆಡ್‌ಮಾಸ್ಟರ ಸ್ಕೂಟರಿಗೂ ನೀನು ಹಾಕಿದ್ದೆ. ಅದು ಯಾವ ಛಂದಸ್ಸಿಗೂ ಹೊಂದಲಿಲ್ಲ. ನಾನು ಒಳಗೊಳಗೇ ನಕ್ಕು ರೈಟ್ ಹಾಕಿ ಕೊಟ್ಟೆ.

ಪಾಸಾದ ಮೇಲೆ ನೀನು ಅಪ್ಪನನ್ನು ಸ್ಟಾಫ್ ರೂಮಿಗೆ ಕರೆತಂದೆ. ನಿನ್ನನ್ನು ಹೊಸಪೇಟೆಯ ಐಟಿಐಗೆ ಸೇರಿಸಲು ಅವನು ತಯಾರಾಗಿಯೇ ಬಂದಿದ್ದ. “ಆ ಸಪ್ಪಳದ ಕೆಲಸಕ್ಕ ಯಾವ ಕೋರ್ಸ್ ಮಾಡಿಸ್ಬೇಕ್ರಿ ಸರ? ನೀವು ಹೇಳಿದಂಗ ಮಾಡ್ತೀನ್ರಿ.” ಪಕ್ಕದ ಕುರ್ಚಿಯಲ್ಲಿ ವಿಜ್ಞಾನದ ಮೇಷ್ಟ್ರು ಪೇಪರ್ ಮಡಚಿ ನನ್ನತ್ತ ತಿರುಗಿದರು. ಸುಳ್ಳು ಹೇಳಿದ್ದೆ ಎನ್ನಬಹುದಿತ್ತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ನನ್ನ ಬಾಯಿಂದ ಬಂದದ್ದು —

“ಅದು ಹೆಣ್ಮಕ್ಕಳು ಮಾಡೋ ಕೆಲಸ ಅಲ್ರಿ.”

ನಿನ್ನಪ್ಪ ಕೈಮುಗಿದು ಹೊರಟ. ಬಾಗಿಲಲ್ಲಿ ನೀನು ಒಮ್ಮೆ ತಿರುಗಿ ನೋಡಿದೆ... ಐಟಿಐ ಅಲ್ಲಿಗೇ ನಿಂತಿತು. ಕಂಪ್ಲಿಯಲ್ಲಿ ಸೋದರಮಾವ ದುಡಿಯುತ್ತಿದ್ದ ಅಕ್ಕಿ ಗಿರಣಿಯಲ್ಲಿ ನೀನು ಎರಡು ವರ್ಷ ತೌಡು ಗುಡಿಸಿದೆ. ಒಂದು ದಿನ, ಮೋಟಾರಿನ ಸಪ್ಪಳದಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ ಎಂದೆಯಂತೆ. ಎಲ್ಲರೂ ನಕ್ಕರಂತೆ. ಮೂರನೇ ದಿನ ಬೇರಿಂಗ್ ಒಡೆದು ಗಿರಣಿ ನಿಂತಾಗ ಮಾಲೀಕರೇ ನಿನ್ನಪ್ಪನನ್ನು ಬೈದು ನಿನ್ನನ್ನು ಐಟಿಐಗೆ ಸೇರಿಸಿದರಂತೆ. ಈಗ ನೀನು ಕಾರ್ಖಾನೆಯಲ್ಲಿ ಮಷೀನುಗಳ ಸಪ್ಪಳ ಕೇಳಿ, ನಡುಕ ನೋಡಿ ರೋಗ ಹೇಳುವವಳು. ಅಂಥ ಕೆಲಸ ನಿಜವಾಗಿಯೂ ಇತ್ತು! ಸುಳ್ಳು ಹೇಳುವುದರಲ್ಲೂ ನಾನು ಫೇಲು.

ಮೊನ್ನೆ ನೀನು ಫೋನ್ ಮಾಡಿದೆ. ಶಾಲೆಯ ಸಮಾರಂಭಕ್ಕೆ ನೀನು ಅತಿಥಿ, ನಾನು ನಿನ್ನ ಪಕ್ಕ ಕೂರಬೇಕು. “ಹೆಣ್ಮಕ್ಕಳ ಕೆಲಸ ಅಲ್ಲ ಅಂದಿದ್ರಲ್ರಿ ಸರ್, ನನಗ ಹಠ ಬರ್ಲಿ ಅಂತ ಹಂಗ ಅಂದಿದ್ರಿ ಅಂತ ಈಗ ತಿಳೀತ್ರಿ. ಸ್ಟೇಜ್ ಮ್ಯಾಲ ಅದನ್ನ ಹೇಳ್ತೀನ್ರಿ.”

“ಹೂಂನವ್ವಾ,” ಎಂದೆ. ಅದು ಮೂರನೆಯ ಸುಳ್ಳು.

ಹಠ ಬರಲಿ ಎಂದಲ್ಲ, ಹುಲಿಗೆಮ್ಮ. ಪಕ್ಕದ ಕುರ್ಚಿಯವರ ಮುಂದೆ ನನ್ನ ಮರ್ಯಾದೆ ಹೋಗಬಾರದೆಂದು. ನನ್ನ ಮರ್ಯಾದೆ ಉಳಿಯಿತು, ನೀನು ಎರಡು ವರ್ಷ ತೌಡು ಗುಡಿಸಿದೆ. ಇದಕ್ಕೆ ಯಾವ ಸಮಜಾಯಿಷಿಯೂ ನನ್ನಲ್ಲಿಲ್ಲ.

ಈ ಕಾಗದ ಸಮಾರಂಭಕ್ಕೆ ಮೊದಲೇ ನಿನ್ನ ಕೈಸೇರಲಿ. ಶಾಲು ಹಾಕುವ ಮುಂಚೆ ಮೈಕು ನನಗೆ ಕೊಡು, ಇಷ್ಟನ್ನೂ ಎಲ್ಲರೆದುರು ಹೇಳುತ್ತೇನೆ. ವಿಜ್ಞಾನದ ಮೇಷ್ಟ್ರನ್ನೂ ಕರೆಸು. ಅವರು ಮುಂದಿನ ಸಾಲಿನಲ್ಲೇ ಕೂರಲಿ.