ಮೂರನೆಯ ಕರೆ

ನಮ್ಮಕ್ಕನಿಗೆ ಫೋನು ಮಾಡುವುದೆಂದರೆ ಮೊನ್ನೆ ಮೊನ್ನೆಯವರೆಗೂ ತಾಳ್ಮೆಯ ಪರೀಕ್ಷೆಯಾಗಿತ್ತು. ಒಮ್ಮೆ ಮಾಡಿದರೆ ಪೂರ್ತಿ ಬಾರಿಸಿ ಸುಮ್ಮನಾಗುತ್ತಿತ್ತು, ಎರಡನೆಯ ಸಲ ಮಾಡಿದರೂ ಅದೇ ಕಥೆ. ಮೂರನೆಯ ಸಲಕ್ಕೆ ಮಾತ್ರ ಮೊದಲ ಗಂಟೆ ಮುಗಿಯುವ ಮುನ್ನವೇ "ಓ, ಹೇಳು" ಎಂಬ ದನಿ ಕೇಳಿಬರುತ್ತಿತ್ತು. ಅಷ್ಟು ಹೊತ್ತೂ ಫೋನು ಅವಳ ಮಡಿಲಲ್ಲೇ ಇತ್ತೆಂಬುದು ಅದರಿಂದಲೇ ಗೊತ್ತಾಗಬೇಕು. ಗ್ಯಾಸಿನವರು, ಬ್ಯಾಂಕಿನವರು, ಕಾಫಿ ಕೊಳ್ಳುವ ಏಜೆಂಟರು ಎಲ್ಲರೂ ಬೈದುಕೊಂಡೇ ಒಗ್ಗಿಹೋಗಿದ್ದರು. ಹೊಂಗಡಹಳ್ಳದ ಆ ಮನೆಗೆ ಹೊಸಬರು ಯಾರಾದರೂ ಫೋನು ಮಾಡಬೇಕಾಗಿ ಬಂದರೆ ನಾವೇ ಮುಂಚಿತವಾಗಿ, ಮೂರು ಸಲ ಮಾಡಿ ಮಾರಾಯರೆ, ಆಮೇಲೆ ಬೇಕಾದರೆ ನೆಟ್‌ವರ್ಕನ್ನು ಬೈಯಿರಿ ಎಂದು ಹೇಳಿಬಿಡುತ್ತಿದ್ದೆವು.

ಇದು ಅಕ್ಕನ ಸೊಕ್ಕೆಂದು ನೀವು ತಿಳಿಯಬಾರದು. ಇದರ ಮೂಲ ಇರುವುದು ಕೆ. ಹೊಸಕೋಟೆಯ ನಮ್ಮ ತವರುಮನೆಯಲ್ಲಿ, ನಮ್ಮಜ್ಜಿಯ ಬಾಯಲ್ಲಿ. ನಮ್ಮ ಕಡೆ ದಟ್ಟ ಮಂಜಿಗೆ ಕಾವಳ ಎನ್ನುತ್ತಾರೆ. ಅದು ಇಳಿದ ಬೆಳಗು ತೋಟದಲ್ಲಿ ಪಕ್ಕದ ಗಿಡದ ಹತ್ತಿರ ನಿಂತವರೂ ಕಾಣುವುದಿಲ್ಲ, ಬರೀ ದನಿಯೊಂದೇ ತೇಲಿ ಬರುತ್ತದೆ, ಅದೂ ಯಾವ ದಿಕ್ಕಿನಿಂದ ಎಂದು ಹೇಳಲಾಗದ ಹಾಗೆ. ಅಂಥ ಹೊತ್ತಿನಲ್ಲಿ ಅಜ್ಜಿ ನಮ್ಮಿಬ್ಬರನ್ನೂ ಒಲೆಯ ಮುಂದೆ ಕೂರಿಸಿಕೊಂಡು ಎಚ್ಚರಿಸುತ್ತಿದ್ದಳು: "ಕಾವಳದಾಗೆ ಯಾರಾದ್ರೂ ಹೆಸ್ರು ಹಿಡಿದು ಕೂಗಿದ್ರೆ ಒಂದಕ್ಕೆ ಓ ಅನ್ಬ್ಯಾಡ್ರಿ, ಎರಡಕ್ಕೂ ಅನ್ಬ್ಯಾಡ್ರಿ. ಮನುಷ್ಯರಾದ್ರೆ ಮೂರನೇ ಸಲ ಕೂಗ್ತಾರೆ. ಅದುಕ್ಕೆ ಎರಡರ ಮೇಲೆ ಎಣಿಸಾಕೆ ಬರಾಕಿಲ್ಲ."

"ಅದು ಅಂದ್ರೆ ಯಾವ್ದಜ್ಜಿ?" ಎಂದು ನಾನು ಕೇಳುತ್ತಿದ್ದೆ.

"ಅದು ಅಂದ್ರೆ ಅದೇ ಕಣೇ. ಹೆಸ್ರು ಕೇಳ್ಬುಟ್ರೆ ಬಂದ್ಬುಡ್ತದೆ."

ಎರಡರ ಮೇಲೆ ಎಣಿಸಲು ಬಾರದ ಆ ದಡ್ಡ ಪಿಶಾಚಿಯನ್ನು ನೆನೆದು ನಾನು ನಗುತ್ತಿದ್ದೆ. ಮುಂದೆ ಆಲೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವಾಗ, ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ಇದೇ ಕಥೆ ಹೇಳಿ ನಗಿಸಿದ್ದೂ ಉಂಟು. ಅಕ್ಕ ಮಾತ್ರ ನಗಲಿಲ್ಲ. ಅವಳು ಅಜ್ಜಿಯ ಮಾತನ್ನು ಲಗ್ನದ ಸೀರೆಗಳ ಜತೆಗೆ ಮಡಿಸಿಟ್ಟುಕೊಂಡು ಹೊಂಗಡಹಳ್ಳಕ್ಕೆ ಹೋದಳು, ಫೋನು ಬಂದ ಮೇಲೆ ಫೋನಿಗೂ ಅದನ್ನೇ ಅನ್ವಯಿಸಿದಳು.

ಭಾವನವರಿಗೆ ಕಡಲಿನ ಹುಚ್ಚು. ಮಲೆಯ ನಡುವೆ ಹುಟ್ಟಿ ಬೆಳೆದ ಕಾಫಿ ತೋಟದವರಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ ಕಾಣೆ. ಮನೆಗೆ ನೆಂಟರು ಬಂದರೆ ಜೀಪಿನಲ್ಲಿ ತುಂಬಿಕೊಂಡು ಬಿಸಿಲೆಯ ಕಡೆ ಹೋಗಿ, ಘಟ್ಟದ ಅಂಚಿನಲ್ಲಿ ನಿಲ್ಲಿಸಿ, ಬೆಟ್ಟಗಳಾಚೆ ಆಕಾಶ ಮುಗಿಯುವ ಕಡೆ ಬೊಟ್ಟು ಮಾಡಿ, "ಅಲ್ನೋಡಿ, ಬೆಳ್ಳಿ ಗೆರೆ. ಅದೇ ಸಮುದ್ರ" ಎನ್ನುತ್ತಿದ್ದರು. ನನಗೆ ಒಂದು ದಿನವೂ ಕಂಡಿದ್ದಿಲ್ಲ. "ಟೀಚರಮ್ಮಂಗೆ ಪುಸ್ತಕದಾಗೆ ಇರೋದು ಮಾತ್ರ ಕಾಣ್ತದೆ" ಎಂದು ಅವರು ರೇಗಿಸುತ್ತಿದ್ದರು. ಕಣಿವೆಯಲ್ಲಿ ಕಾವಳ ತುಂಬಿದ ದಿನವಂತೂ ಜಗಲಿಯಿಂದಲೇ "ರುಕ್ಕೂ, ಬಾರೇ, ಕಡಲೇ ಮನೆ ಬಾಗ್ಲಿಗೆ ಬಂದೈತೆ" ಎಂದು ಅಕ್ಕನನ್ನು ಕೂಗುತ್ತಿದ್ದರು. ಅಕ್ಕನ ಹೆಸರು ರುಕ್ಮಿಣಿ. ದೂರದಿಂದ ಅವರು ರುಕ್ಕೂ ಎಂದು ಎಳೆದು ಕರೆದರೆ ಮೊದಲಿನ ಅಕ್ಷರ ಗಾಳಿಗೆ ಹೋಗಿ ಕೊನೆಯ ಕೂ ಒಂದೇ ಉಳಿಯುತ್ತಿತ್ತು.

ಹೋದ ವರ್ಷ ಕೊಯ್ಲು ಶುರುವಾಗುವುದಕ್ಕೆ ಮುಂಚೆ, ಅಂಥದೇ ಒಂದು ಬೆಳಿಗ್ಗೆ, ಆನೆ ಬೇಲಿ ಮುರಿದಿದೆಯೇನೋ ನೋಡಿ ಬರುತ್ತೇನೆಂದು ಭಾವ ತೋಟಕ್ಕಿಳಿದರು. ಅಕ್ಕ ನೀರೊಲೆಗೆ ಸೌದೆ ಒಟ್ಟುತ್ತಿದ್ದಳು. ಕೆಳಗಿನಿಂದ ಕರೆ ಬಂತು, ರುಕ್ಕೂ. ಅವಳು ಸೌದೆ ಬಿಟ್ಟು ಹಿತ್ತಿಲ ಬಾಗಿಲಿಗೆ ಬಂದಳು. ಮತ್ತೊಂದು ಬಂತು. ಓ ಎನ್ನಲು ಬಾಯಿ ತೆರೆದು, ಅಜ್ಜಿ ಹೇಳಿದಂತೆ ಮೂರನೆಯದಕ್ಕೆ ಕಾದು ನಿಂತಳು. ಅದು ಬರಲೇ ಇಲ್ಲ. ಸದ್ಯ, ಅವರಲ್ಲ, ಅದು ಎಂದುಕೊಂಡು, ಬಾಗಿಲು ಹಾಕಿ ಒಳಗೆ ಹೋದಳು.

ಕಾವಳ ಕರಗಿದ ಮೇಲೆ ಕೆಲಸದವರು ಕಾಫಿಗೆ ನೆರಳು ಕೊಡುವ ಸಿಲ್ವರ್ ಮರದ ಬುಡದಲ್ಲಿ ಭಾವನವರನ್ನು ಕಂಡರು. ಎದೆನೋವು. ನೀವು ಓಡಿಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಅಕ್ಕ ಅವರ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವತ್ತಿನಿಂದ ಕಾವಳ ಬಿದ್ದಾಗಲೆಲ್ಲ ಹಿತ್ತಿಲ ಬಾಗಿಲಲ್ಲಿ ನಿಂತು ಮೂರನೆಯ ಕರೆಗೆ ಕಾಯತೊಡಗಿದಳು. ಒಂದೆರಡು ಸಲ ಚಪ್ಪಲಿಯೂ ಇಲ್ಲದೆ ತೋಟದ ಕೆಳಗಿನ ಹಳ್ಳದವರೆಗೆ ಇಳಿದುಹೋಗಿದ್ದಳಂತೆ.

ಭಾವ ತಾವು ಹೋಗುವ ಮುನ್ನ ಸಕಲೇಶಪುರದ ಟ್ರಾವೆಲ್ಸಿನ ರಹಮತ್ ಭಾಯಿಯ ಕೈಯಲ್ಲಿ ಇಬ್ಬರಿಗೂ ಹಡಗಿನ ಪ್ರವಾಸಕ್ಕೆ ಬುಕ್ ಮಾಡಿಸಿದ್ದರು. ಮುಂಬಯಿಯಲ್ಲಿ ಹತ್ತಿ, ಕೊಚ್ಚಿ, ಕೊಲಂಬೊ, ಮಾಲ್ಡೀವ್ಸು ಎಂದೆಲ್ಲ ಸುತ್ತಿ ಮತ್ತೆ ಮುಂಬಯಿಗೇ ಮುಟ್ಟಿಸುವ ದೊಡ್ಡ ಪ್ರವಾಸ. ರಹಮತ್ ಭಾಯಿ ಮನೆಗೇ ಬಂದು, "ಅಕ್ಕಾರೆ, ಅಣ್ಣ ಆಸೆಪಟ್ಟು ಮಾಡ್ಸಿದ್ದು ಕಣ್ರೀ. ಕ್ಯಾನ್ಸಲ್ ಮಾಡೋಕೆ ನನ್ಗೆ ಕೈ ಬರ್ತಿಲ್ಲ. ನೀವು ಹೋಗ್ಬನ್ನಿ" ಎಂದರು. ಹೀಗೆ ಭಾವನವರ ಹೆಸರಿದ್ದ ಜಾಗಕ್ಕೆ ನನ್ನ ಹೆಸರು ಬಂತು. ಹೊರಡುವಾಗ ಅಕ್ಕನ ಮಗಳು ನನ್ನನ್ನು ಪಕ್ಕಕ್ಕೆ ಕರೆದು, "ಚಿಕ್ಕಮ್ಮ, ಅಮ್ಮನ್ನ ರೇಲಿಂಗ್ ಹತ್ರ ಒಬ್ಬಳನ್ನೇ ಬಿಡ್ಬೇಡಿ, ದಮ್ಮಯ್ಯ" ಎಂದು ಕೈ ಹಿಡಿದುಕೊಂಡಳು. ಸತ್ತವರ ಹಾಸಿಗೆಯಲ್ಲಿ ಮಲಗುತ್ತ, ಬದುಕಿರುವವಳನ್ನು ಕಾಯುವುದು ನನ್ನ ಪಾಲಿನ ಪ್ರವಾಸವಾಯಿತು.

ನಿಜ ಹೇಳಬೇಕೆಂದರೆ ಅಕ್ಕ ಹಡಗಿನಲ್ಲಿ ಚೆನ್ನಾಗಿಯೇ ಇದ್ದಳು. ಕೋಣೆ ಒಪ್ಪ ಮಾಡುವವನು ಟವೆಲನ್ನು ಮಡಿಸಿ ಹಾಸಿಗೆಯ ಮೇಲೆ ಆನೆ ಮಾಡಿಟ್ಟಿದ್ದ ಮೊದಲ ದಿನ, "ಅಯ್ಯೋ ಇಲ್ಲಿಗೂ ಬಂತಲ್ಲೇ!" ಎಂದು ಬಾಗಿಲಲ್ಲೇ ನಿಂತವಳು, ಆಮೇಲೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಭಾವ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನೂ ಸ್ವಲ್ಪ ಸಡಿಲವಾದೆ.

ಹಡಗಿನ ಕೊನೆಯ ದಿನಕ್ಕೆ ಒಂದು ವಿಚಿತ್ರ ಗುಣವಿದೆ. ನಾಳೆ ದಡ, ಆದರೆ ಇವತ್ತು ಎತ್ತ ನೋಡಿದರೂ ನೀರೇ. ಓಣಿಗಳಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು ಯಜಮಾನರಿಲ್ಲದೆ ಸಾಲಾಗಿ ನಿಂತಿರುತ್ತವೆ, ನಿನ್ನೆ ಕೇಕೆ ಹಾಕಿ ಕುಣಿದವರು ಇವತ್ತು ಗುರುತೇ ಇಲ್ಲದವರಂತೆ ತಲೆತಗ್ಗಿಸಿ ಹಾದುಹೋಗುತ್ತಾರೆ. ಪ್ರವಾಸ ಮುಗಿದಿರುತ್ತದೆ, ಮನೆ ಬಂದಿರುವುದಿಲ್ಲ, ನಡುವಿನ ಆ ಖಾಲಿ ಹೊತ್ತು ಯಾರಿಗೂ ಸೇರಿದ್ದಲ್ಲ. ನಮ್ಮ ಭಾಷೆಯಲ್ಲಿ ಕರೆ ಎಂದರೆ ಕೂಗು, ಕರೆ ಎಂದರೆ ದಡ, ಒಗೆದರೂ ಹೋಗದ ಕಲೆಗೂ ಕರೆಯೆಂದೇ ಹೆಸರು. ಮಕ್ಕಳಿಗೆ ನಾನಾರ್ಥ ಬರೆಯಿಸುವಾಗ ನಾನು ಇದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ, ಆದರೆ ಈ ಮೂರೂ ಒಂದೇ ಬೆಳಿಗ್ಗೆ ಒಬ್ಬಳನ್ನೇ ಹುಡುಕಿಕೊಂಡು ಬರಬಹುದೆಂದು ಯೋಚಿಸಿದವಳಲ್ಲ.

ಅವತ್ತು ಎದ್ದಾಗ ಪಕ್ಕದ ಹಾಸಿಗೆ ಖಾಲಿಯಿತ್ತು. ದುಂಡು ಕಿಟಕಿಯ ಹೊರಗೆ ಕಡಲಿರಲಿಲ್ಲ, ಆಕಾಶವೂ ಇರಲಿಲ್ಲ, ಬರೀ ಬಿಳುಪು. ಎಷ್ಟೋ ಹೊತ್ತಿಗೊಮ್ಮೆ ಹಡಗು ಕೂ ಎಂದು ದೀರ್ಘವಾಗಿ ಕೂಗುತ್ತಿತ್ತು. ಚಪ್ಪಲಿ ಸಿಕ್ಕಿಸಿಕೊಂಡು ಓಣಿಗೆ ಬಂದರೆ ಎದುರಿಗೆ ಆ ಟವೆಲು ಮಡಿಸುವವನೇ ಸಿಕ್ಕಿದ. ಅವನು ಮಂಗಳೂರು ಕಡೆಯವನು. "ಇಂಥ ಮಂಜು ಈ ಸಮುದ್ರದಲ್ಲಿ ನಾನು ನೋಡಿದ್ದೇ ಇಲ್ಲ ಮಾರಾಯ್ರೆ" ಎಂದ. "ನಿಮ್ಮ ಅಕ್ಕ ಮೇಲೆ ಹೋದ್ರು. ನಿಮ್ಮ ಘಟ್ಟದ ಊರು ಯಾವ ದಿಕ್ಕಿಗೆ ಅಂತ ಕೇಳಿದ್ರು. ಈಗ ನಾವು ಸರೀ ಮಂಗಳೂರಿನ ಎದುರಿಗೆ ಇದ್ದೇವಲ್ಲ, ಬಲಗಡೆ ಅಂತ ಹೇಳಿದೆ."

ನಾನು ಮೆಟ್ಟಿಲಿನ ಕಡೆ ಓಡಿದೆ. ಭಾವ ಘಟ್ಟದ ಅಂಚಿನಿಂದ ಬೊಟ್ಟು ಮಾಡಿ ತೋರಿಸುತ್ತಿದ್ದ ಆ ಬೆಳ್ಳಿ ಗೆರೆಯ ಮೇಲೇ ನಾವು ಈಗ ತೇಲುತ್ತಿದ್ದೆವು.

ಮೇಲಿನ ಡೆಕ್ಕಿನಲ್ಲಿ ನನ್ನ ಕೈ ನನಗೇ ಮಸುಕಾಗಿ ಕಾಣುತ್ತಿತ್ತು. ಒದ್ದೆ ಕುರ್ಚಿಗಳನ್ನು ತಡವಿಕೊಂಡು ಬಲಗಡೆಗೆ ನಡೆದೆ. ಯಾರೋ ಹತ್ತಿರದಲ್ಲೇ ಕೆಮ್ಮಿದಂತಾಯಿತು, ಹೋಗಿ ನೋಡಿದರೆ ಯಾರೂ ಇಲ್ಲ. ಆಗ ಒಂದು ವಾಸನೆ ಬಂತು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದೆ ಸಿಪ್ಪೆ ಕೊಳೆಯುವಾಗ ಬರುವ ಹುಳಿ ವಾಸನೆ. ಡೀಸೆಲ್ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಜೋರಾಗಿ ಅಕ್ಕನನ್ನು ಕೂಗಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂಗಲು ನನಗೆ ಹೆದರಿಕೆಯಾಯಿತು. ಒಂದು ಸಲ ಕೂಗಿದರೆ ಅವಳು ಓಗೊಡುವುದಿಲ್ಲ, ಎರಡು ಸಲ ಕೂಗಿದರೂ ಇಲ್ಲ, ಮೂರನೆಯದು ನನ್ನ ಗಂಟಲಿನಿಂದ ಹೊರಡುವಷ್ಟರಲ್ಲಿ ಅವಳು ಅಲ್ಲಿರದೆ ಹೋದರೆ? ಎಂದೂ ನಂಬದ ಆ ಲೆಕ್ಕಕ್ಕೆ ನಾನು ಅಲ್ಲಿ ನಿಂತು ಬೆವರಿದೆ.

ಮಂಜು ಒಂದಿಷ್ಟು ಸರಿಯಿತು. ರೇಲಿಂಗಿನ ಕೆಳಗಿನ ಸರಳಿನ ಮೇಲೆ ಬರಿಗಾಲಿಟ್ಟು ಹತ್ತಿ, ಹೊರಗೆ ಬಾಗಿ ನಿಂತಿದ್ದಳು ಅಕ್ಕ. ಹಿತ್ತಿಲ ಬಾಗಿಲಲ್ಲಿ ನಿಲ್ಲುವಂತೆಯೇ ತಲೆ ಓರೆ ಮಾಡಿ ಕಿವಿಗೊಟ್ಟಿದ್ದಳು. ಬಾಯಿ ಅರ್ಧ ತೆರೆದಿತ್ತು.

"ಅಕ್ಕಾ!" ಎಂದು ಚೀರಿದೆ. ಒಂದೇ ಸಲ. ಎರಡನೆಯದಕ್ಕೆ ದನಿ ಹೊರಡಲಿಲ್ಲ.

"ಓ..." ಎಂದಳು ಅಕ್ಕ.

ನನ್ನ ಕಡೆಗೆ ತಿರುಗಿ ಅಲ್ಲ. ಕಡಲಿಗೆ ಮುಖಮಾಡಿ, ತೋಟದ ಮೇಲಿನಿಂದ ಕೆಳಗಿನ ಹಳ್ಳದವರೆಗೆ ಕೇಳಿಸುವಂತೆ, ಎದೆಯಲ್ಲಿದ್ದ ಉಸಿರೆಲ್ಲ ತೀರುವವರೆಗೂ ಎಳೆದು ಓಗೊಟ್ಟಳು. ಆಮೇಲೆ ಸರಳಿನಿಂದ ಇಳಿದಳು. ನಾನು ಓಡಿಹೋಗಿ ಅವಳ ಸೊಂಟವನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಅವಳ ಸೀರೆ ನೆನೆದು ತೊಪ್ಪೆಯಾಗಿತ್ತು.

"ಏನು ಮಾಡ್ತಿದ್ಯೇ ಇಲ್ಲಿ, ಹಾಳಾದೋಳೇ?"

"ಎರಡು ಸಲ ಕರ್ದ್ರು ಕಣೇ ಪದ್ದೂ. ಮೂರನೇದಕ್ಕೆ ನಿಂತಿದ್ದೆ. ನೀನು ಕರ್ದೆ. ಸಾಕು ಅಂತ ಓ ಅಂದ್ಬುಟ್ಟೆ."

"ಅದು ಹಡಗು ಕೂಗಿದ್ದು ಕಣೇ ಅಕ್ಕ, ಮಂಜಲ್ಲಿ ಕೂ ಅಂತ ಕೂಗ್ತಾ ಇರ್ತದೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಕೂ ಅಂತ ಕೂಗ್ತದೆ, ಸರಿ. ಹಡಗಿಗೆ ರು ಅನ್ನೋಕೂ ಬರ್ತದಾ?"

ಮೂವತ್ತು ವರ್ಷ ಅಕ್ಷರ ಕಲಿಸಿದ ನಾನು ಆ ಒಂದು ಅಕ್ಷರದ ಗೊಡವೆಗೇ ಹೋಗದೆ ಅವಳನ್ನು ತಬ್ಬಿಕೊಂಡೇ ಬಾಗಿಲ ಕಡೆಗೆ ನಡೆಸಿದೆ. ಒಳಗೆ ಹೆಜ್ಜೆಯಿಡುವಾಗ ಬೆನ್ನ ಹಿಂದೆ ಮತ್ತೊಮ್ಮೆ ಕೂಗು ಬಂತು. ಅಕ್ಕ ತಿರುಗಲಿಲ್ಲ. ನಾನು ತಿರುಗಿದೆ. ಆ ಕೂಗಿನ ಮೊದಲಿಗೆ ರು ಇತ್ತೇ ಇರಲಿಲ್ಲವೇ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ, ನಾನು ಹೇಳುವವಳಲ್ಲ. ಮಧ್ಯಾಹ್ನ ಮಂಜು ಹರಿದು ಬಿಸಿಲು ಬಿತ್ತು. ಅಕ್ಕ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು, ಸಂಜೆಯವರೆಗೂ ಮಗುವಿನಂತೆ ನಿದ್ದೆ ಹೊಡೆದಳು. ನಾನು ಬಾಗಿಲಿಗೆ ಕುರ್ಚಿ ಅಡ್ಡವಿಟ್ಟುಕೊಂಡು ಕೂತಿದ್ದೆ.

ಊರಿಗೆ ಬಂದ ಮೇಲೆ ಇದನ್ನೇ ತಿರುಗಿ ಮುರುಗಿ ಯೋಚಿಸುತ್ತಿದ್ದೇನೆ. ಅಜ್ಜಿಯ ಲೆಕ್ಕದಲ್ಲಿ ತಪ್ಪಿಲ್ಲ, ಕಾವಳದಲ್ಲಿ ದನಿ ನಂಬಿ ಕಾಲಿಟ್ಟವರು ಹಳ್ಳಕ್ಕೆ ಬಿದ್ದಿರುವುದುಂಟು, ಆನೆಯ ಎದುರಿಗೆ ಹೋಗಿ ನಿಂತಿರುವುದುಂಟು. ಮಕ್ಕಳನ್ನು ಉಳಿಸಿಕೊಳ್ಳಲು ಕಟ್ಟಿದ ಲೆಕ್ಕ ಅದು. ಆದರೆ ಎರಡರ ಮೇಲೆ ಎಣಿಸಲಾಗದ್ದು ಪಿಶಾಚಿಯೊಂದೇ ಎಂದು ಅಜ್ಜಿ ಹೇಗೆ ನಂಬಿದಳು? ಭಾವನವರಿಗೆ ಎಣಿಕೆ ಬರುತ್ತಿತ್ತು, ಎರಡರ ಮೇಲೆ ಎದೆ ನಡೆಯಲಿಲ್ಲ ಅಷ್ಟೆ. ಅವರು ಉಳಿಸಿಹೋದ ಮೂರನೆಯ ಕರೆಯನ್ನು ನಡುಗಡಲಿನಲ್ಲಿ ನಾನು ಕರೆದುಬಿಟ್ಟೆನೆಂದು ಕಾಣುತ್ತದೆ. ಅವರ ಟಿಕೀಟಿನಲ್ಲಿ ಹೋದವಳು ಅಷ್ಟಾದರೂ ಮಾಡಬೇಡವೇ?

ಈಗ ಅಕ್ಕ ಫೋನನ್ನು ಮೊದಲ ಗಂಟೆಗೇ ಎತ್ತುತ್ತಾಳೆ. ಗ್ಯಾಸಿನವರು ಬೆರಗಾಗಿದ್ದಾರೆ. ನನ್ನ ಅವಸ್ಥೆ ಬೇರೆ. ಇವತ್ತು ಬೆಳಿಗ್ಗೆ ಆಲೂರಿನಲ್ಲಿ ಎದುರುಮನೆ ಕಾಣದಷ್ಟು ಕಾವಳ. ಹಾಲು ಕಾಯಿಸುತ್ತಿದ್ದೆ. ಹಿತ್ತಿಲ ಕಡೆಯಿಂದ ಯಾರೋ ಕರೆದರು. ಹೆಸರು ಸರಿಯಾಗಿ ಕೇಳಿಸಲಿಲ್ಲ, ಕರೆದದ್ದು ಮಾತ್ರ ನಿಜ, ಅದೂ ಒಂದೇ ಸಲ. ಒಲೆ ಆರಿಸಿ, ಬಾಗಿಲು ತೆರೆದು, ಎರಡನೆಯದಕ್ಕೆ ಕಾಯದೆ "ಓ..." ಎಂದೆ. ಮರುಮಾತು ಬರಲಿಲ್ಲ. ಟಾರ್ಚು ಹಿಡಿದು ಬೇಲಿಯವರೆಗೂ ನೋಡಿ ಬಂದೆ, ಯಾರೂ ಇರಲಿಲ್ಲ. ಒಳಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿದಳು.

"ಯಾರೋ ಒಂದು ಸಲ ಕರೆದ್ರು ಅಕ್ಕ. ನಾನು ತಡೀಲಾರ್ದೆ ಓ ಅಂದ್ಬಿಟ್ಟೆ. ಹೊರಗೆ ಯಾರೂ ಇಲ್ಲ."

"ಒಳ್ಳೇದು ಮಾಡ್ದೆ ಬಿಡು" ಎಂದಳು ಅಕ್ಕ. "ಪಾಪ, ಯಾರಿಗೆ ಉಸ್ರು ಸಾಲ್ಲಿಲ್ವೋ ಏನೋ."